ಮಳೆಗಾಲದಲ್ಲಿ ನಿಂತ ವಾಹನ

ಓಡುವ ಯಂತ್ರವು ಸವೆಯುತ್ತದೆ ಎಂಬುದನ್ನು ಎಲ್ಲರೂ ಬಲ್ಲರು. ನಿಂತ ಯಂತ್ರವೂ ಕೆಡುತ್ತದೆ ಎಂಬುದು ಅಷ್ಟು ಸುಲಭವಾಗಿ ಮನಸ್ಸಿಗೆ ಹತ್ತುವುದಿಲ್ಲ. ಉಪಯೋಗಿಸದೆ ಇಟ್ಟ ವಸ್ತುವು ಇಟ್ಟಂತೆಯೇ ಇರುವುದೆಂದು ನಾವು ನಂಬುತ್ತೇವೆ. ಆದರೆ ಗಾಳಿಯಲ್ಲಿರುವ ನೀರಿನ ಆವಿಗಾಗಲಿ, ಆಮ್ಲಜನಕಕ್ಕಾಗಲಿ, ಭೂಮಿಯ ಆಕರ್ಷಣೆಗಾಗಲಿ ರಜೆ ಎಂಬುದಿಲ್ಲ. ಯಂತ್ರವು ವಿಶ್ರಾಂತಿಯಲ್ಲಿರುವಾಗಲೂ ಅವು ತಮ್ಮ ಕೆಲಸವನ್ನು ನಡೆಸಿಕೊಂಡೇ ಹೋಗುತ್ತವೆ.

ಇದನ್ನು ಅಭ್ಯಾಸಮಾಡಲು ಹಾಸನ ಜಿಲ್ಲೆಯ ಸಕಲೇಶಪುರ ಮತ್ತು ಆಲೂರು ಬೆಟ್ಟಗಳಿಗಿಂತ ಉತ್ತಮವಾದ ಪ್ರಯೋಗಶಾಲೆ ದೊರಕುವುದು ಕಷ್ಟ. ಹೆತ್ತೂರು, ಹಾನುಬಾಳು, ಕೆಂಚಮ್ಮನ ಹೊಸಕೋಟೆಯ ಕಡೆಯ ಮನೆಗಳಲ್ಲಿ ಜೀಪು ಬಹುಕಾಲದಿಂದ ಪರಿಚಿತವಾದ ವಾಹನ. ಈಚೆಗೆ ಮಲಗಲು ಹಾಸಿಗೆ, ಅಡಿಗೆಗೆ ಒಲೆ ಮೊದಲಾದುವನ್ನು ಜೋಡಿಸಿದ ಪ್ರವಾಸದ ವ್ಯಾನುಗಳೂ ಕೆಲವೆಡೆ ಕಾಣಬರುತ್ತಿವೆ. ಮಳೆ ನಿಂತ ಮೇಲೆ ಇವುಗಳಲ್ಲಿ ಕುಳಿತು ಬಿಸಿಲೆಯ ಕಾಡಿಗೋ, ಮಂಜರಾಬಾದಿನ ನಕ್ಷತ್ರಾಕಾರದ ಕೋಟೆಗೋ, ಘಟ್ಟವಿಳಿದು ಕರಾವಳಿಗೋ ಹೋಗಿಬರುವುದುಂಟು. ಜೂನ್ ತಿಂಗಳಲ್ಲಿ ಮುಂಗಾರು ಹಿಡಿದೊಡನೆ ದಾರಿ ಕೆಸರಾಗುತ್ತದೆ, ಪ್ರವಾಸ ನಿಲ್ಲುತ್ತದೆ. ವಾಹನವು ಮೂರು ನಾಲ್ಕು ತಿಂಗಳು ಕೊಟ್ಟಿಗೆಯನ್ನು ಸೇರುತ್ತದೆ. ಆ ಅವಧಿಯಲ್ಲಿ ಅದಕ್ಕೆ ಏನಾಗುತ್ತದೆ, ಏಕೆ ಆಗುತ್ತದೆ, ಅದನ್ನು ತಡೆಯುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಮಳೆಗಿಂತ ಆವಿ ದೊಡ್ಡ ಶತ್ರು

ಮಳೆಯ ಹನಿಯನ್ನು ತಡೆಯಲು ಒಂದು ಮಾಡು ಸಾಕು. ಆದರೆ ಆವಿಗೆ ಮಾಡೂ ಇಲ್ಲ, ಗೋಡೆಯೂ ಇಲ್ಲ. ಗಾಳಿ ಹೋದಲ್ಲೆಲ್ಲ ಅದೂ ಹೋಗುತ್ತದೆ. ನಿಶ್ಚಿತವಾದ ಉಷ್ಣತೆಯಲ್ಲಿ ಗಾಳಿಯು ನಿಶ್ಚಿತವಾದ ಪ್ರಮಾಣದ ಆವಿಯನ್ನು ಮಾತ್ರ ಹೊಂದಿರಬಲ್ಲುದು. ಒಂದು ಘನ ಮೀಟರು ಗಾಳಿಯಲ್ಲಿ 20 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಹೆಚ್ಚೆಂದರೆ 17.3 ಗ್ರಾಂ, 25 ಡಿಗ್ರಿಯಲ್ಲಿ 23 ಗ್ರಾಂ, 30 ಡಿಗ್ರಿಯಲ್ಲಿ 30.4 ಗ್ರಾಂ ಆವಿ ಇರಬಹುದು. ಇರಬಹುದಾದುದರಲ್ಲಿ ವಸ್ತುತಃ ಎಷ್ಟು ಪಾಲು ಇದೆ ಎಂಬುದನ್ನು ಶೇಕಡಾ ಲೆಕ್ಕದಲ್ಲಿ ಹೇಳಿದರೆ ಅದೇ ಸಾಪೇಕ್ಷ ಆರ್ದ್ರತೆ. ಗಾಳಿಯನ್ನು ತಣ್ಣಗೆ ಮಾಡುತ್ತ ಹೋದರೆ ಒಂದು ಉಷ್ಣತೆಯಲ್ಲಿ ಅದು ಪೂರ್ತಿ ತುಂಬಿ, ಅದಕ್ಕಿಂತ ಕೆಳಗೆ ಆವಿಯು ನೀರಾಗಿ ಇಳಿಯತೊಡಗುತ್ತದೆ. ಆ ಉಷ್ಣತೆಗೆ ಇಬ್ಬನಿ ಬಿಂದು ಎಂದು ಹೆಸರು.

ಈಗ ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಮಧ್ಯಾಹ್ನದ ಗಾಳಿ 25 ಡಿಗ್ರಿ, ಆರ್ದ್ರತೆ ಶೇಕಡಾ 90 ಎಂದಿರಲಿ. ಆಗ ಘನ ಮೀಟರಿಗೆ 20.7 ಗ್ರಾಂ ಆವಿ ಇರುತ್ತದೆ. ಈ ಗಾಳಿಯು 6 ಘನ ಮೀಟರು ಗಾತ್ರದ ವ್ಯಾನಿನೊಳಗೆ ಸೇರಿ, ರಾತ್ರಿ 20 ಡಿಗ್ರಿಗೆ ಇಳಿದರೆ, ಪ್ರತಿ ಘನ ಮೀಟರಿನಲ್ಲಿ 17.3 ಗ್ರಾಂ ಮಾತ್ರ ಉಳಿಯಬಲ್ಲುದು. ಮಿಕ್ಕ 3.4 ಗ್ರಾಂ ನೀರಾಗಬೇಕು. ಒಟ್ಟಿನಲ್ಲಿ ಸುಮಾರು 20 ಗ್ರಾಂ ನೀರು ತಗಡು, ಗಾಜು, ಆಸನಗಳ ಮೇಲೆ ಇಳಿಯುತ್ತದೆ. ಇದು ಒಂದು ರಾತ್ರಿಯ ಲೆಕ್ಕ. ಮರುದಿನ ಹೊಸ ಗಾಳಿಯು ಹೊಸ ಆವಿಯನ್ನು ಹೊತ್ತು ತರುತ್ತದೆ. ಒಂದು ಹನಿ ಮಳೆಯೂ ತಾಗದೆ ವಾಹನವು ಹೀಗೆ ದಿನದಿನವೂ ನೆನೆಯಬಹುದು. ಇಂಜಿನ್ನಿನಂತಹ ಭಾರವಾದ ಲೋಹದ ಮುದ್ದೆಯು ಬೇಗ ಬೆಚ್ಚಗಾಗುವುದಿಲ್ಲ. ಬೆಳಗಿನ ಬೆಚ್ಚನೆಯ ಗಾಳಿ ಬೀಸಿದಾಗ ಅದು ಇನ್ನೂ ರಾತ್ರಿಯ ತಂಪಿನಲ್ಲಿಯೇ ಇದ್ದು, ತಣ್ಣೀರು ತುಂಬಿದ ಲೋಟದಂತೆ ಬೆವರುತ್ತದೆ.

ತುಕ್ಕಿನ ಲೆಕ್ಕ

ಕಬ್ಬಿಣವು ತುಕ್ಕು ಹಿಡಿಯಲು ನೀರು, ಆಮ್ಲಜನಕ ಎರಡೂ ಬೇಕು. ಕಣ್ಣಿಗೆ ಕಾಣುವ ನೀರೇ ಬೇಕೆಂದಿಲ್ಲ. 1920 ಮತ್ತು 1930ರ ದಶಕಗಳಲ್ಲಿ ಇಂಗ್ಲೆಂಡಿನ ರಸಾಯನ ವಿಜ್ಞಾನಿ ವರ್ನನ್ ನಡೆಸಿದ ಪ್ರಯೋಗಗಳು ಒಂದು ಮುಖ್ಯವಾದ ಸಂಗತಿಯನ್ನು ತೋರಿಸಿಕೊಟ್ಟವು. ಗಾಳಿಯ ಆರ್ದ್ರತೆಯು ಶೇಕಡಾ 60ರಿಂದ 70ರೊಳಗಿನ ಒಂದು ಮಿತಿಗಿಂತ ಕಡಿಮೆ ಇರುವವರೆಗೆ ಕಬ್ಬಿಣವು ಬಹಳ ನಿಧಾನವಾಗಿ ತುಕ್ಕು ಹಿಡಿಯುತ್ತದೆ. ಮಿತಿಯನ್ನು ದಾಟಿದೊಡನೆ ತುಕ್ಕಿನ ವೇಗ ಬಹುವಾಗಿ ಏರುತ್ತದೆ. ಆ ಮಿತಿಯ ಮೇಲೆ ಲೋಹದ ಮೈಮೇಲೆ ಕಣ್ಣಿಗೆ ಕಾಣದ ತೆಳುವಾದ ನೀರಿನ ಪೊರೆಯು ಏರ್ಪಡುವುದೇ ಇದಕ್ಕೆ ಕಾರಣ. ಮಲೆನಾಡಿನ ಮುಂಗಾರಿನಲ್ಲಿ ಗಾಳಿಯು ಈ ಮಿತಿಯ ಕೆಳಗೆ ಇಳಿಯುವ ಹೊತ್ತು ಬಹಳ ಸ್ವಲ್ಪ.

ಈ ಪೊರೆಯೊಳಗೆ ನಡೆಯುವುದು ಒಂದು ಪುಟ್ಟ ವಿದ್ಯುತ್ಕೋಶದ ವ್ಯಾಪಾರ. ಲೋಹದ ಒಂದೆಡೆಯಲ್ಲಿ ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಬಿಟ್ಟು ನೀರಿಗೆ ಇಳಿಯುತ್ತವೆ. ಆ ಎಲೆಕ್ಟ್ರಾನುಗಳು ಲೋಹದೊಳಗೇ ಹರಿದು ಇನ್ನೊಂದೆಡೆಯಲ್ಲಿ ಆಮ್ಲಜನಕವನ್ನೂ ನೀರನ್ನೂ ಕೂಡುತ್ತವೆ. ಇಲ್ಲಿ ಒಂದು ವಿಚಿತ್ರವುಂಟು: ಲೋಹವು ಕರಗುವುದು ಆಮ್ಲಜನಕ ಹೆಚ್ಚಾಗಿರುವ ಕಡೆಯಲ್ಲಲ್ಲ, ಕಡಿಮೆ ಇರುವ ಕಡೆಯಲ್ಲಿ. ಜೀಪಿನ ಅಡಿಯಲ್ಲಿ ಅಂಟಿಕೊಂಡ ಕೆಂಪು ಮಣ್ಣಿನ ಹೆಂಟೆಯ ಕೆಳಗೆ ಗಾಳಿಯಾಡುವುದಿಲ್ಲ. ಆದುದರಿಂದ ಸುತ್ತಲಿನ ಬರಿಯ ಲೋಹವು ಉಳಿದು, ಹೆಂಟೆ ಮುಚ್ಚಿದ ಜಾಗವೇ ತೂತು ಬೀಳುತ್ತದೆ. ಮಣ್ಣು ಕಬ್ಬಿಣವನ್ನು ಮುಚ್ಚಿ ಕಾಪಾಡುವುದೆಂಬ ಭಾವನೆ ಇದರಿಂದ ತಪ್ಪೆಂದು ತಿಳಿಯುತ್ತದೆ.

ಕಾಫಿ ತೋಟದ ವಾಹನಗಳಿಗೆ ಇನ್ನೊಂದು ಅಪಾಯವೂ ಉಂಟು. ಅವು ಗೊಬ್ಬರದ ಚೀಲಗಳನ್ನೂ ಹೊರುತ್ತವೆ. ಚೆಲ್ಲಿದ ಯೂರಿಯಾವು ಆರ್ದ್ರತೆ ಸುಮಾರು ಶೇಕಡಾ 75ನ್ನು ದಾಟಿದಾಗ, ಪೊಟ್ಯಾಷ್ ಗೊಬ್ಬರವಾದ ಪೊಟ್ಯಾಷಿಯಮ್ ಕ್ಲೋರೈಡು ಸುಮಾರು 85ನ್ನು ದಾಟಿದಾಗ, ಗಾಳಿಯ ಆವಿಯನ್ನು ಹೀರಿ ತಾವಾಗಿಯೇ ನೀರಾಗುತ್ತವೆ. ಪೊಟ್ಯಾಷ್ ಲವಣದ ನೀರು ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುವುದರಿಂದ ಮೇಲೆ ಹೇಳಿದ ಕೋಶವು ಚುರುಕಾಗುತ್ತದೆ. ಸಮುದ್ರತೀರಕ್ಕೆ ಹೋಗಿಬಂದ ವಾಹನದ ಅಡಿಯಲ್ಲಿ ಕೂತ ಉಪ್ಪಿನ ಮಾತೂ ಇದೇ. ಆದಕಾರಣ ವಾಹನವನ್ನು ನಿಲ್ಲಿಸುವ ಮೊದಲು ಮಾಡಬೇಕಾದ ಕೆಲಸವೆಂದರೆ, ಅದರ ಅಡಿಯನ್ನು ಸಿಹಿನೀರಿನಿಂದ ಚೆನ್ನಾಗಿ ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಬಣ್ಣ ಹೋದ ಕಡೆ ಬಣ್ಣವನ್ನೋ ಗ್ರೀಸನ್ನೋ ಬಳಿಯುವುದು. ಇದನ್ನು ಮೇ ತಿಂಗಳಲ್ಲಿಯೇ ಮುಗಿಸಬೇಕು. ಜೂನಿನಲ್ಲಿ ತೊಳೆಯಬಹುದಲ್ಲದೆ ಒಣಗಿಸಲಾಗದು.

ಗೊರಬು ಮತ್ತು ಅಟ್ಟ

ವಾಹನಕ್ಕೆ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಸುತ್ತಿ ನೆಲದವರೆಗೂ ಕಟ್ಟಿಬಿಡುವುದು ಸಾಮಾನ್ಯವಾದ ಪದ್ಧತಿ. ಇದು ಹನಿಯನ್ನು ತಡೆಯುತ್ತದೆ, ಆವಿಯನ್ನು ಸೆರೆಹಿಡಿಯುತ್ತದೆ. ನೆಲದಿಂದ ಏಳುವ ತೇವವೂ ಹೊದಿಕೆಯೊಳಗೇ ಉಳಿದು, ರಾತ್ರಿ ಹಾಳೆಯ ಒಳಮೈಯಲ್ಲಿ ಹನಿಗಟ್ಟಿ ವಾಹನದ ಮೇಲೆಯೇ ತೊಟ್ಟಿಕ್ಕುತ್ತದೆ. ಮಲೆನಾಡಿನ ಗದ್ದೆಯಲ್ಲಿ ಸಸಿ ನೆಡುವವರು ತಲೆಯ ಮೇಲೆ ಹೊತ್ತುಕೊಳ್ಳುವ ಗೊರಬನ್ನು ನೆನೆಯಿರಿ. ಅದು ಮೇಲಿನಿಂದ ಬೀಳುವ ನೀರನ್ನು ಇಳಿಯಬಿಡುತ್ತದೆ. ಅದರ ಬದಿ ಮತ್ತು ಕೆಳಭಾಗ ತೆರೆದಿರುವುದರಿಂದ ಮೈಯ ಬೆವರು ಗಾಳಿಗೆ ಹೋಗುತ್ತದೆ. ವಾಹನದ ಹೊದಿಕೆಗೂ ಇದೇ ತತ್ತ್ವ. ಮೇಲೆ ಮಾಡಿರಲಿ, ಬದಿಗಳಲ್ಲಿ ಗಾಳಿಯಾಡಲಿ, ಬಟ್ಟೆಯನ್ನು ಹೊದಿಸುವುದಾದರೆ ಉಸಿರಾಡುವಂತಹ ಬಟ್ಟೆಯಿರಲಿ. ಪ್ಲಾಸ್ಟಿಕ್ ಹಾಳೆಗೆ ತಕ್ಕ ಸ್ಥಳವೆಂದರೆ ವಾಹನದ ಮೇಲಲ್ಲ, ಮಣ್ಣಿನ ನೆಲದ ಮೇಲೆ. ಅಲ್ಲಿ ಹಾಸಿದರೆ ನೆಲದ ತೇವವು ಮೇಲೇರದು.

ಗಾಳಿಯಾಡುವುದರಿಂದ ಇನ್ನೊಂದು ಪ್ರಯೋಜನವೂ ಇದೆ. ಲೋಹದ ಉಷ್ಣತೆಯು ಗಾಳಿಯ ಉಷ್ಣತೆಯನ್ನು ಬೆನ್ನಟ್ಟಿಕೊಂಡೇ ಇರುವುದರಿಂದ ಎರಡಕ್ಕೂ ಬಹಳ ಅಂತರವಾಗದು, ಬೆವರುವಿಕೆ ಕಡಿಮೆಯಾಗುತ್ತದೆ. ವಾರಗಟ್ಟಲೆ ಮುಚ್ಚಿಟ್ಟ ತಣ್ಣನೆಯ ವ್ಯಾನಿನ ಬಾಗಿಲನ್ನು ಹೊರಗೆ ಬೆಚ್ಚನೆಯ ಮೋಡದ ಗಾಳಿ ಬೀಸುವಾಗ ತೆರೆಯಬಾರದು. ಹೊಳವಾಗಿ ಬಿಸಿಲು ಬಿದ್ದ ದಿನ ವಾಹನವನ್ನು ಹೊರಗೆ ತಳ್ಳಿ, ಮೈ ಬೆಚ್ಚಗಾದ ಮೇಲೆ ತೆರೆಯಬೇಕು.

ಹಳೆಯ ಮನೆಗಳಲ್ಲಿ ಬಿತ್ತನೆಯ ಬೀಜವನ್ನೂ ಬುಟ್ಟಿಗಳನ್ನೂ ಒಲೆಯ ಮೇಲಣ ಅಟ್ಟದಲ್ಲಿ ಇಡುತ್ತಿದ್ದರು. ಹೊಗೆಯು ಹುಳುವನ್ನು ದೂರವಿಡುತ್ತಿತ್ತು. ಬಿಸಿಯು ಮಾಡುತ್ತಿದ್ದ ಕೆಲಸವನ್ನು ಲೆಕ್ಕ ಹಾಕಿ ನೋಡಬಹುದು. 20 ಡಿಗ್ರಿಯಲ್ಲಿ ಶೇಕಡಾ 95 ಆರ್ದ್ರತೆಯ ಗಾಳಿಯಲ್ಲಿ ಘನ ಮೀಟರಿಗೆ 16.4 ಗ್ರಾಂ ಆವಿಯಿದೆ. ಅದೇ ಗಾಳಿಯನ್ನು 25 ಡಿಗ್ರಿಗೆ ಬಿಸಿಮಾಡಿದರೆ ಆವಿ ಅಷ್ಟೇ ಇದ್ದರೂ ಸಾಪೇಕ್ಷ ಆರ್ದ್ರತೆಯು 16.4ನ್ನು 23ರಿಂದ ಭಾಗಿಸಿದಷ್ಟು, ಎಂದರೆ ಶೇಕಡಾ 71ಕ್ಕೆ ಇಳಿಯುತ್ತದೆ. ಒಂದು ಹನಿ ನೀರನ್ನೂ ತೆಗೆಯದೆ, ಐದು ಡಿಗ್ರಿಯ ಬಿಸಿಯಿಂದಲೇ ಗಾಳಿಯು ತುಕ್ಕಿನ ಮಿತಿಯ ಸಮೀಪಕ್ಕೆ ಬಂದಿತು. ಆಸನಗಳ ಮೇಲೆ ಬೂಷ್ಟು ಬೆಳೆಯುವುದನ್ನೂ ಇದು ತಡೆಯುತ್ತದೆ. ಸಿಲಿಕಾ ಜೆಲ್ಲಿನಂತಹ ಆವಿಹೀರುಕಗಳು ಚೆನ್ನಾಗಿ ಮುಚ್ಚಿದ ಪೆಟ್ಟಿಗೆಯಲ್ಲಿ ಕೆಲಸಮಾಡುತ್ತವೆ. ಬಿರುಕುಗಳಿಂದ ಗಾಳಿಯಾಡುವ ವಾಹನದಲ್ಲಿ ಅವು ಕೆಲವೇ ದಿನಗಳಲ್ಲಿ ತುಂಬಿಹೋಗುತ್ತವೆ.

ಬ್ಯಾಟರಿಯ ಹಸಿವು

ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಪ್ಲಾಂಟೆ ರಚಿಸಿದನು. ಬಹುತೇಕ ವಾಹನಗಳ ಇಂಜಿನನ್ನು ಚಾಲನೆಗೊಳಿಸುವುದು ಇಂದಿಗೂ ಅದರ ವಂಶದ ಬ್ಯಾಟರಿಯೇ. ಈಗಿನ ವಾಹನಗಳಲ್ಲಿ ಗಡಿಯಾರ, ಕಳ್ಳರ ಎಚ್ಚರಿಕೆಯ ಗಂಟೆ, ಗಣಕ ಮೊದಲಾದುವು ಕೀಲಿ ತೆಗೆದ ಮೇಲೂ ಸ್ವಲ್ಪ ಸ್ವಲ್ಪವಾಗಿ ವಿದ್ಯುತ್ತನ್ನು ಹೀರುತ್ತಿರುತ್ತವೆ. ಈ ಪ್ರವಾಹವು 30 ಮಿಲಿಆಂಪಿಯರ್ ಮಾತ್ರ ಎಂದಿರಲಿ. ದಿನಕ್ಕೆ 24 ಗಂಟೆಯಂತೆ 90 ದಿನಕ್ಕೆ 64.8 ಆಂಪಿಯರ್-ಗಂಟೆಯಾಯಿತು. 60 ಆಂಪಿಯರ್-ಗಂಟೆಯ ಬ್ಯಾಟರಿಯು ಗಣೇಶನ ಹಬ್ಬಕ್ಕೆ ಮೊದಲೇ ಬರಿದಾಗುವುದರಲ್ಲಿ ಆಶ್ಚರ್ಯವೇನು? ಬರಿದಾದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾದ ಹರಳುಗಳಾಗಿ ಬೆಳೆದು, ಮತ್ತೆ ವಿದ್ಯುತ್ತನ್ನು ತುಂಬಿದರೂ ಪೂರ್ತಿ ಕರಗುವುದಿಲ್ಲ.

ಆದುದರಿಂದ ಬ್ಯಾಟರಿಯನ್ನು ಪೂರ್ತಿ ತುಂಬಿ, ತಂತಿಗಳನ್ನು ಕಳಚಿಡಬೇಕು. ಮೊದಲು ಕಳಚತಕ್ಕದ್ದು ಋಣ ತುದಿಯನ್ನು. ಈ ತುದಿಯು ವಾಹನದ ಮೈಗೆ ಸೇರಿರುತ್ತದೆ. ಅದನ್ನು ಕಳಚದೆ ಧನ ತುದಿಗೆ ಕೈಹಾಕಿದರೆ, ಸ್ಪ್ಯಾನರು ಅಕಸ್ಮಾತ್ತಾಗಿ ಮೈಗೆ ತಗುಲಿದೊಡನೆ ಭಾರಿ ಪ್ರವಾಹ ಹರಿದು ಕಿಡಿ ಹಾರುತ್ತದೆ. ತಿಂಗಳಿಗೊಮ್ಮೆ ವೋಲ್ಟೇಜನ್ನು ಅಳೆಯಬೇಕು. 12.6 ವೋಲ್ಟಿನ ಮೇಲಿದ್ದರೆ ಬ್ಯಾಟರಿ ತುಂಬಿದೆ, ಸುಮಾರು 12.2 ಆದರೆ ಅರ್ಧಕ್ಕೆ ಇಳಿದಿದೆ, ಮತ್ತೆ ತುಂಬಬೇಕು. ತುಂಬುವಾಗ ಜಲಜನಕವು ಹೊರಬರುತ್ತದೆ. ಗಾಳಿಯಲ್ಲಿ ಅದರ ಪಾಲು ಶೇಕಡಾ 4ನ್ನು ಮುಟ್ಟಿದರೆ ಒಂದು ಕಿಡಿಯಿಂದ ಸಿಡಿಯಬಲ್ಲುದು. ಈ ಕೆಲಸವನ್ನು ಗಾಳಿಯಾಡುವ ಸ್ಥಳದಲ್ಲಿಯೇ ಮಾಡತಕ್ಕದ್ದು.

ಚಕ್ರದ ಮೇಲಿನ ಭಾರ

1600 ಕಿಲೋಗ್ರಾಂ ತೂಗುವ ವಾಹನದ ಪ್ರತಿಯೊಂದು ಚಕ್ರವೂ ಸುಮಾರು 400 ಕಿಲೋಗ್ರಾಂ ಭಾರವನ್ನು ಹೊರುತ್ತದೆ. ಟೈರಿನೊಳಗಿನ ಗಾಳಿಯ ಒತ್ತಡವು ಚದರ ಸೆಂಟಿಮೀಟರಿಗೆ 2 ಕಿಲೋಗ್ರಾಂ ಆಗಿದ್ದರೆ, ಟೈರು ನೆಲವನ್ನು ಮುಟ್ಟುವ ವಿಸ್ತಾರ ಸುಮಾರು 200 ಚದರ ಸೆಂಟಿಮೀಟರು. ಗಾಳಿಯು ನಿಧಾನವಾಗಿ ಸೋರಿ ಒತ್ತಡವು 1ಕ್ಕೆ ಇಳಿದರೆ ಈ ವಿಸ್ತಾರವು ಎರಡರಷ್ಟಾಗುತ್ತದೆ. ರಬ್ಬರು ಅಷ್ಟಗಲವಾಗಿ ಚಪ್ಪಟೆಯಾಗಿ ತಿಂಗಳುಗಟ್ಟಲೆ ಹಾಗೆಯೇ ಬಾಗಿರುತ್ತದೆ. ಆಗಾಗ ಗಾಳಿ ತುಂಬಿ, ವಾಹನವನ್ನು ಕಾಲು ಸುತ್ತು ಮುಂದೆ ತಳ್ಳಿದರೆ ಈ ದೋಷ ತಪ್ಪುತ್ತದೆ.

ಕೈಬ್ರೇಕನ್ನು ಎಳೆದು ತಿಂಗಳುಗಟ್ಟಲೆ ಬಿಡಬಾರದು. ತೇವದಲ್ಲಿ ಬ್ರೇಕಿನ ಪಟ್ಟಿಗಳು ಡ್ರಮ್ಮಿಗೆ ತುಕ್ಕಿನಿಂದ ಅಂಟಿಕೊಳ್ಳುತ್ತವೆ. ಆದರೆ ಗುಡ್ಡದ ಮನೆಯ ಅಂಗಳವು ಸಮತಟ್ಟಾಗಿರುವುದು ಅಪರೂಪ. ಬರಿಯ 5 ಡಿಗ್ರಿಯ ಇಳಿಜಾರಿನಲ್ಲಿಯೂ ಮೇಲೆ ಹೇಳಿದ ವಾಹನವನ್ನು ಸುಮಾರು 140 ಕಿಲೋಗ್ರಾಂ ಭಾರದಷ್ಟು ಬಲವು ಕೆಳಗೆ ಎಳೆಯುತ್ತಿರುತ್ತದೆ. ಆದುದರಿಂದ ಸಮನೆಲವನ್ನು ಆರಿಸಿ, ಚಕ್ರಗಳ ಹಿಂದೆಮುಂದೆ ಮರದ ಗಟ್ಟಿ ಅಡೆಗಳನ್ನು ಕೊಟ್ಟು, ಗೇರಿನಲ್ಲಿ ನಿಲ್ಲಿಸಿ, ಆಮೇಲೆಯೇ ಕೈಬ್ರೇಕನ್ನು ಸಡಿಲಿಸಬೇಕು.

ಇಂಧನ, ಮತ್ತು ಐದು ನಿಮಿಷದ ಚಾಲನೆ

ಅರೆತುಂಬಿದ ಇಂಧನದ ತೊಟ್ಟಿಯು ಹಗಲಿರುಳಿನ ಬಿಸಿತಂಪಿಗೆ ಉಸಿರಾಡುತ್ತದೆ; ಆ ಉಸಿರಿನೊಡನೆ ನೀರು ಸೇರುತ್ತದೆ ಎನ್ನುವರು. ಮಾತು ನಿಜವೇ, ಆದರೆ ಎಷ್ಟು ನೀರು? 30 ಲೀಟರು ಖಾಲಿ ಜಾಗವಿದ್ದು ಉಷ್ಣತೆಯು ದಿನಕ್ಕೆ 10 ಡಿಗ್ರಿ ಏರಿಳಿದರೆ, ಸುಮಾರು 1 ಲೀಟರು ಗಾಳಿಯು ಒಳಹೊರಗೆ ಆಡುತ್ತದೆ. ಅದರಲ್ಲಿರುವ ಆವಿ ಸುಮಾರು 0.02 ಗ್ರಾಂ. ಅಷ್ಟೂ ಒಳಗೇ ಉಳಿಯಿತೆಂದರೂ 90 ದಿನಕ್ಕೆ 2 ಗ್ರಾಮೂ ಆಗುವುದಿಲ್ಲ. ಸಡಿಲವಾದ ಮುಚ್ಚಳದಿಂದ ಒಂದು ಮಳೆಗೆ ಇಳಿಯುವ ನೀರು ಇದಕ್ಕಿಂತ ಎಷ್ಟೋ ಹೆಚ್ಚು. ಮುಚ್ಚಳದ ರಬ್ಬರನ್ನು ಪರೀಕ್ಷಿಸುವುದೇ ಮೊದಲ ಕೆಲಸ. ಡೀಸೆಲಿನಲ್ಲಿ ನೀರು ಬೆರೆಯದೆ ತಳಕ್ಕೆ ಇಳಿಯುತ್ತದೆ, ಅಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಗಟ್ಟಿ ಸೋಸುಕವನ್ನು ಕಟ್ಟುತ್ತವೆ. ಎಥನಾಲ್ ಬೆರೆತ ಪೆಟ್ರೋಲು ಸ್ವಲ್ಪ ನೀರನ್ನು ತನ್ನಲ್ಲಿ ಕರಗಿಸಿಕೊಳ್ಳುತ್ತದೆ. ಮಿತಿ ಮೀರಿದರೆ ಎಥನಾಲು ನೀರಿನೊಡನೆ ಬೇರ್ಪಟ್ಟು ತಳವನ್ನು ಸೇರುತ್ತದೆ. ತೊಟ್ಟಿಯನ್ನು ತುಂಬಿಸಿಡುವುದು ಒಳ್ಳೆಯದು, ಆದರೆ ಕಂಠದವರೆಗೆ ಬೇಡ. 50 ಲೀಟರು ಪೆಟ್ರೋಲು 10 ಡಿಗ್ರಿ ಬಿಸಿಯಾದರೆ ಸುಮಾರು ಅರ್ಧ ಲೀಟರು ಹಿಗ್ಗುತ್ತದೆ.

ವಾರಕ್ಕೊಮ್ಮೆ ಐದು ನಿಮಿಷ ಇಂಜಿನನ್ನು ಓಡಿಸಿ ನಿಲ್ಲಿಸುವುದು ಹಲವರ ವಾಡಿಕೆ. ರಸಾಯನಶಾಸ್ತ್ರವು ಇದಕ್ಕೆ ಸಮ್ಮತಿಸುವುದಿಲ್ಲ. ಪೆಟ್ರೋಲಿನ ಜಲಜನಕವು ಉರಿದಾಗ ನೀರಾಗುತ್ತದೆ. ಲೆಕ್ಕ ಹಾಕಿದರೆ 1 ಲೀಟರು ಪೆಟ್ರೋಲಿನಿಂದ ಹೆಚ್ಚುಕಡಿಮೆ 1 ಲೀಟರಿನಷ್ಟೇ ನೀರು ಹುಟ್ಟುತ್ತದೆ. ಇಂಜಿನ್ನು ಪೂರ್ತಿ ಬಿಸಿಯಾಗಿದ್ದರೆ ಅದು ಆವಿಯಾಗಿ ಹೊರಟುಹೋಗುತ್ತದೆ. ಐದು ನಿಮಿಷದಲ್ಲಿ ನಿಲ್ಲಿಸಿದರೆ ತಣ್ಣನೆಯ ಹೊಗೆಕೊಳವೆಯಲ್ಲಿಯೂ ಎಣ್ಣೆಯಲ್ಲಿಯೂ ಇಳಿದು ಉಳಿಯುತ್ತದೆ. ಓಡಿಸುವುದಾದರೆ ಅರ್ಧ ಗಂಟೆ ರಸ್ತೆಯ ಮೇಲೆ ಓಡಿಸಬೇಕು. ಇಲ್ಲವಾದರೆ ಸುಮ್ಮನೆ ಬಿಡುವುದೇ ಲೇಸು. ಮುಚ್ಚಿದ ಕೊಟ್ಟಿಗೆಯಲ್ಲಂತೂ ಇಂಜಿನನ್ನು ಎಂದಿಗೂ ಓಡಿಸಕೂಡದು. ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಕ್ಕ ಬಲದಿಂದ ಹಿಡಿಯುತ್ತದೆ. ಮಳೆಯೆಂದು ಬಾಗಿಲೆಳೆದುಕೊಂಡು ಇಂಜಿನ್ನು ಓಡಿಸಿದವನು ತನಗೇನಾಗುತ್ತಿದೆ ಎಂದು ತಿಳಿಯುವ ಮೊದಲೇ ಪ್ರಜ್ಞೆ ತಪ್ಪಬಹುದು.

ಘಟ್ಟ ಇಳಿಯುವ ಮುನ್ನ

ಇದುವರೆಗೆ ಹೇಳಿದ ನಷ್ಟಗಳಲ್ಲಿ ಹೆಚ್ಚಿನವು ಹಣದಿಂದ ತುಂಬಿಕೊಳ್ಳಬಹುದಾದುವು. ಕೊನೆಯದು ಪ್ರಾಣದ ಮಾತು. ಬ್ರೇಕಿನ ಪೆಡಲನ್ನು ತುಳಿದಾಗ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವುದು ಒಂದು ದ್ರವ. ದ್ರವವು ಒತ್ತಿದರೆ ಕುಗ್ಗುವುದಿಲ್ಲ ಎಂಬ ಗುಣವೇ ಇದಕ್ಕೆ ಆಧಾರ. ಸಾಮಾನ್ಯ ಬ್ರೇಕ್ ದ್ರವಗಳು ನೀರನ್ನು ಹೀರುವ ಜಾತಿಯವು. ರಬ್ಬರಿನ ಕೊಳವೆಗಳ ಮೂಲಕವೂ ಮುಚ್ಚಳದ ಮೂಲಕವೂ ಗಾಳಿಯ ಆವಿಯು ನಿಧಾನವಾಗಿ ಅದನ್ನು ಸೇರುತ್ತದೆ. ಡಾಟ್ 3 ಎಂಬ ದರ್ಜೆಯ ದ್ರವವು ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದೆಂದು ನಿಯಮ. ಶೇಕಡಾ 3.7ರಷ್ಟು ನೀರು ಸೇರಿದಾಗ ಈ ಮಿತಿಯು 140 ಡಿಗ್ರಿಗೆ ಇಳಿಯುತ್ತದೆ.

ಈಗ ಅಕ್ಟೋಬರಿನಲ್ಲಿ ವಾಹನವನ್ನು ಹೊರತೆಗೆದು, ದೋಣಿಗಾಲಿನಿಂದ ಶಿರಾಡಿ ಘಟ್ಟವನ್ನು ಇಳಿಯಲು ಹೊರಟೆವೆನ್ನಿ. 1600 ಕಿಲೋಗ್ರಾಂ ವಾಹನವು 600 ಮೀಟರು ಕೆಳಗಿಳಿದರೆ ಅದು ಕಳೆದುಕೊಳ್ಳುವ ಶಕ್ತಿ ಸುಮಾರು 94 ಲಕ್ಷ ಜೂಲು. 20 ಡಿಗ್ರಿಯ 28 ಲೀಟರು ನೀರನ್ನು ಕುದಿಯುವ ಮಟ್ಟಕ್ಕೆ ಬಿಸಿಮಾಡಲು ಇಷ್ಟು ಶಕ್ತಿ ಸಾಕು. ಇಂಜಿನ್ನಿನ ತಡೆಯನ್ನು ಬಳಸದೆ ಪೆಡಲನ್ನೇ ತುಳಿಯುತ್ತ ಇಳಿದರೆ ಇದರ ಬಹುಪಾಲು ಬ್ರೇಕುಗಳಲ್ಲಿ ಶಾಖವಾಗುತ್ತದೆ. ನೀರು ಸೇರಿದ ದ್ರವವು ಕುದಿದು ಕೊಳವೆಯಲ್ಲಿ ಆವಿಯ ಗುಳ್ಳೆ ಏಳುತ್ತದೆ. ಆವಿಯು ಒತ್ತಿದರೆ ಕುಗ್ಗುತ್ತದೆ; ಪೆಡಲು ನೆಲವನ್ನು ಮುಟ್ಟಿದರೂ ಚಕ್ರ ನಿಲ್ಲುವುದಿಲ್ಲ. ಕೊಟ್ಟಿಗೆಯ ತಗಡಿನ ಮೇಲೆ ಕೂತ ತೇವವನ್ನು ಒರೆಸಿ ತೆಗೆಯಬಹುದು. ಈ ತೇವವು ಕಣ್ಣಿಗೇ ಬೀಳದು. ಆದುದರಿಂದ ದ್ರವವನ್ನು ಎರಡು ವರ್ಷಕ್ಕೊಮ್ಮೆಯಾದರೂ ಬದಲಾಯಿಸಬೇಕು. ಮಳೆಗಾಲದ ನಂತರದ ಮೊದಲ ಪ್ರವಾಸಕ್ಕೆ ಮುನ್ನ ಅದನ್ನು ಪರೀಕ್ಷಿಸಿ, ಮನೆಯ ಹತ್ತಿರದ ಸಮದಾರಿಯಲ್ಲಿ ಬ್ರೇಕನ್ನು ನೋಡಿ, ಇಲಿಗಳು ತಂತಿಗಳನ್ನು ಕಡಿದಿವೆಯೇ ಎಂದು ಹುಡುಕಬೇಕು. ಘಟ್ಟವನ್ನು ತಗ್ಗು ಗೇರಿನಲ್ಲಿಯೇ ಇಳಿಯಬೇಕು.

ವಿದ್ಯಾರ್ಥಿಗಳು ಮಾಡಬಹುದಾದ ಒಂದು ಪ್ರಯೋಗವನ್ನು ಸೂಚಿಸಿ ಮುಗಿಸುತ್ತೇವೆ. ಒಂದೇ ಬಗೆಯ ಎರಡು ಉಷ್ಣತಾಮಾಪಕಗಳನ್ನು ತಂದು, ಒಂದರ ಬುರುಡೆಗೆ ಒದ್ದೆ ಬಟ್ಟೆಯನ್ನು ಸುತ್ತಿ, ವಾಹನವಿರುವ ಕೊಟ್ಟಿಗೆಯಲ್ಲಿ ತೂಗುಹಾಕಿ, ಬೀಸಣಿಗೆಯಿಂದ ಗಾಳಿ ಹಾಕಿ ಓದಿರಿ. ಒಣ ಮಾಪಕವು 20 ಡಿಗ್ರಿ ತೋರಿಸುವಾಗ ಎರಡಕ್ಕೂ 1 ಡಿಗ್ರಿ ಅಂತರವಿದ್ದರೆ ಆರ್ದ್ರತೆ ಸುಮಾರು ಶೇಕಡಾ 91. 4 ಡಿಗ್ರಿಯಿದ್ದರೆ ಸುಮಾರು 66. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬರೆದಿಡಿರಿ. ಹೊದಿಕೆಯ ಒಳಗೊಮ್ಮೆ, ಹೊರಗೊಮ್ಮೆ ಅಳೆಯಿರಿ. ಬಿಗಿಯಾಗಿ ಮುಚ್ಚಿದ್ದು ಒಳ್ಳೆಯದೋ, ಗೊರಬಿನಂತೆ ತೆರೆದಿಟ್ಟದ್ದು ಒಳ್ಳೆಯದೋ ಎಂಬ ಪ್ರಶ್ನೆಗೆ ನಿಮ್ಮ ಕೊಟ್ಟಿಗೆಯೇ ಉತ್ತರವನ್ನು ಹೇಳುತ್ತದೆ.